ಅಂಗನವಾಡಿಲಿ ಏನ್ ಬರೆಸಿದ್ರು ಅಂತ ಕೇಳ್ಬೇಡಿ, ಮಗು ಏನ್ ಮಾಡ್ತು ಅಂತ ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಜೂನ್ ತಿಂಗಳು ಬಂತು ಅಂದ್ರೆ ನಮ್ಮ ಲಗ್ಗೆರೆ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಮಗೂನ ಯಾವ ಸ್ಕೂಲಿಗೆ ಹಾಕಿದ್ರಿ". ಮೂರು ವರ್ಷ ತುಂಬಿದ್ದೇ ತಡ ಅಂಗನವಾಡಿ ಬಿಡಿಸೋದು, ಪಕ್ಕದ ರೋಡಿನ ಕಾನ್ವೆಂಟಿಗೆ ಸೇರಿಸೋದು, ಫೀಸಿಗೆ ಚೀಟಿ ಎತ್ತೋದು, ಅದೂ ಸಾಲದಿದ್ರೆ ಓನರ್ ಹತ್ರ ಕೈಸಾಲ ಮಾಡೋದು. ಯಾಕಮ್ಮ ಬಿಡಿಸಿದೆ ಅಂತ ಕೇಳಿದ್ರೆ "ಅಲ್ಲಿ ಏನ್ ಕಲಿಸ್ತಾರೆ ಮೇಡಂ, ಆಟ ಆಡಿಸ್ತಾರೆ, ಊಟ ಹಾಕ್ತಾರೆ, ಮಲಗಿಸ್ತಾರೆ, ಎಬಿಸಿಡಿ ಒಂದಕ್ಷರ ಬರೆಸಲ್ಲ" ಅಂತಾರೆ. ಹೀಗೆ ಹೇಳೋರು ಗಾರ್ಮೆಂಟ್ಸಲ್ಲಿ ದಿನವಿಡೀ ಮೆಷಿನ್ ಮುಂದೆ ಕೂತು ಬರೋ ತಾಯಂದ್ರು, ಪೇಂಟಿಂಗ್ ಕೆಲಸದವರು, ಆಟೋ ಓಡಿಸೋರು, ಮಕ್ಕಳಾದ್ರೂ ಚೆನ್ನಾಗಿರ್ಲಿ ಅಂತ ಹೊಟ್ಟೆಬಟ್ಟೆ ಕಟ್ಟಿ ದುಡಿಯೋ ಜನ. ಅವರ ಮೇಲೆ ನಂಗೆ ಸ್ವಲ್ಪಾನೂ ಬೇಜಾರಿಲ್ಲ. ಆದ್ರೆ ಬರೆಸೋದೇ ಕಲಿಕೆ ಅಂತ ಅವರ ತಲೆಗೆ ಯಾರೋ ತುಂಬಿಬಿಟ್ಟಿದಾರೆ, ಅದು ತಪ್ಪು ಅಂತ ಹೇಳೋಕೇ ಈ ಪತ್ರ.

ನಾನು ಸರ್ಕಾರಿ ಶಾಲೆಲಿ ನಲಿಕಲಿ ಟೀಚರ್ ಆಗಿ ಚಿಕ್ಕ ಮಕ್ಕಳಿಗೇ ಪಾಠ ಮಾಡ್ಕೊಂಡು ರಿಟೈರ್ ಆದವಳು. ನಲಿಕಲಿ ಗೊತ್ತಿಲ್ದೋರಿಗೆ ಹೇಳ್ತೀನಿ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂದಿದ್ದು, ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಗುಂಪಲ್ಲಿ ಕೂತು ಕಾರ್ಡು, ಹಾಡು, ಆಟದಲ್ಲೇ ಕಲಿಯೋ ಪದ್ಧತಿ. ಆ ಕ್ಲಾಸಲ್ಲಿ ನಿಂತ ಟೀಚರ್ ಯಾರನ್ನ ಬೇಕಾದ್ರೂ ಕೇಳಿ ನೋಡಿ, ಒಂದನೇ ಕ್ಲಾಸಿಗೆ ಬರೋ ಮಗು ಕಾಗುಣಿತ ಬರ್ಕೊಂಡೇ ಬರ್ಬೇಕು ಅಂತ ಯಾರೂ ಹೇಳಲ್ಲ. ತನ್ನ ಸರದಿಗೆ ಕಾಯೋದು ಗೊತ್ತಿರ್ಬೇಕು, ಒಂದಕ್ಕೆ ಹೋಗ್ಬೇಕು ಮಿಸ್ ಅಂತ ಬಾಯ್ಬಿಟ್ಟು ಹೇಳೋಕೆ ಬರ್ಬೇಕು, ಕತೆ ಹೇಳಿದ್ರೆ ಕೊನೆವರೆಗೂ ಕೇಳ್ಬೇಕು, ಪಕ್ಕದ ಮಗು ಪೆನ್ಸಿಲ್ ಕಿತ್ಕೊಂಡ್ರೆ ಕಚ್ಚದೆ "ಕೊಡು ಅದು ನಂದು" ಅನ್ನೋಕೆ ಬರ್ಬೇಕು. ಇಷ್ಟು ಇರೋ ಮಗುಗೆ ಅಕ್ಷರ ಕಲಿಸೋದು ಕಷ್ಟ ಇಲ್ಲ. ಮೂರು ವರ್ಷಕ್ಕೇ ಗೆರೆ ಹಾಕಿದ ನೋಟ್‌ಬುಕ್ಕಲ್ಲಿ ಪುಟಗಟ್ಟಲೆ ತಿದ್ದಿ ತಿದ್ದಿ ಬಂದ ಮಕ್ಕಳನ್ನೂ ನೋಡಿದೀನಿ, ಪೆನ್ಸಿಲ್‌ನ ಮುಷ್ಟಿ ಕಟ್ಟಿ ಹಿಡ್ಕೊಂಡು ಪೇಪರ್ ಹರಿಯೋ ಹಾಗೆ ಒತ್ತಿ ಬರೀತಾರೆ, ತಪ್ಪಾದ್ರೆ ಅಳ್ತಾರೆ, ಪುಸ್ತಕ ಅಂದ್ರೇನೇ ಮುಖ ಆಕಡೆ ತಿರುಗಿಸ್ತಾರೆ. ಅದನ್ನ ಬಿಡಿಸೋಕೆ ಎಷ್ಟು ಒದ್ದಾಡ್ಬೇಕು ಅಂತ ಟೀಚರ್‌ಗಳಿಗೇ ಗೊತ್ತು.

ಈಗ ನನ್ನ ಮೊಮ್ಮಗಳು ಹೋಗೋ ಅಂಗನವಾಡಿ ವಿಷಯಕ್ಕೆ ಬರ್ತೀನಿ. ಬಾಡಿಗೆ ಮನೆ, ಒಂದೇ ರೂಮು, ಮುಂದೆ ಚೂರು ಸಿಮೆಂಟ್ ಜಾಗ. ಬೆಳಗ್ಗೆ ಬಂದ ತಕ್ಷಣ ಮಕ್ಕಳೇ ಚಪ್ಪಲಿ ಜೋಡಿ ಜೋಡಿಯಾಗಿ ಇಡ್ಬೇಕು, ನೋಡೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಎಡ ಬಲ, ದೊಡ್ಡದು ಚಿಕ್ಕದು, ಒಂದೇ ಥರದ್ದು ಬೇರೆ ಥರದ್ದು ಎಲ್ಲಾ ಅಲ್ಲೇ ಆಗೋಗುತ್ತೆ. ಆಮೇಲೆ ಹಾಡು, ಹಾಜರಿ, ಇವತ್ತು ಯಾರ್ಯಾರು ಬಂದಿಲ್ಲ ಅಂತ ಮಕ್ಕಳೇ ಹೇಳ್ಬೇಕು. ಹಾಲಿನ ಹೊತ್ತಿಗೆ (2013ರಿಂದ ಕ್ಷೀರಭಾಗ್ಯದ ಹಾಲು ಬರ್ತಾ ಇದೆ, ಒಂದು ಮಗುಗೆ 150 ಎಂಎಲ್ ಲೆಕ್ಕ) ಲೋಟ ಹಂಚೋ ಕೆಲಸ ದಿನಾ ಇಬ್ಬರು ಮಕ್ಕಳದ್ದು. ಒಂದು ಲೋಟ ಉಳಿದ್ರೆ ಯಾರಿಗೋ ಸಿಕ್ಕಿಲ್ಲ ಅಂತ ಅವರೇ ಹುಡುಕ್ತಾರೆ. ತಲೆಗೊಂದು ಲೋಟ, ಲೆಕ್ಕದ ಮೊದಲ ಪಾಠ ಅದೇ ಅಲ್ವಾ. ನಮ್ಮನೆ ಮಗು ಈಗ ರಾತ್ರಿ ಊಟಕ್ಕೆ ತಟ್ಟೆ ಹಾಕುವಾಗ "ಅಪ್ಪಂಗೆ, ಅಮ್ಮಂಗೆ, ಅಜ್ಜಿಗೆ, ನಂಗೆ" ಅಂತ ಹೇಳ್ಕೊಂಡೇ ಇಡ್ತಾಳೆ, ನಾವ್ಯಾರೂ ಹೇಳ್ಕೊಟ್ಟಿಲ್ಲ.

ಸಂಕ್ರಾಂತಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು. ಹಬ್ಬದ ಮುಂಚೆ ಟೀಚರ್ ಹುರಿದ ಕಡಲೆಕಾಯಿ ಬೀಜನ ಮೊರಕ್ಕೆ ಸುರಿದು ಮಕ್ಕಳ ಮಧ್ಯೆ ಇಟ್ರು. ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದೇ ಬೀಜ ಹಿಡಿದು ಉಜ್ಜಿ ಸಿಪ್ಪೆ ಬಿಡಿಸ್ಬೇಕು, ಎರಡು ಹೋಳು ಮಾಡ್ಬೇಕು, ಕಪ್ಪಾಗಿರೋದನ್ನ ಬೇರೆ ಇಡ್ಬೇಕು. ಪುಟ್ಟ ಬೆರಳುಗಳಿಗೆ ಅದು ಸುಲಭದ ಕೆಲಸ ಅಲ್ಲ, ಬೀಜ ಜಾರಿ ಹೋಗುತ್ತೆ, ಮತ್ತೆ ಹುಡುಕಿ ಹಿಡೀತಾರೆ, ನಾಲಿಗೆ ಹೊರಗೆ ಹಾಕ್ಕೊಂಡು ಅಷ್ಟು ಗಮನ ಕೊಟ್ಟು ಮಾಡ್ತಾರೆ. ನಾಳೆ ಪೆನ್ಸಿಲ್ ಹಿಡಿಯೋದೂ ಅದೇ ಎರಡು ಬೆರಳಲ್ಲಿ, ಹಿಡಿತ ಬರೋದು ಇಂಥ ಕೆಲಸದಿಂದಲೇ ಹೊರತು ಕೈ ಹಿಡಿದು ತಿದ್ದಿಸೋದ್ರಿಂದ ಅಲ್ಲ. ಆಮೇಲೆ ಸಿಪ್ಪೆ ಊದೋದು, ಎಲ್ಲರ ತಲೆ ಮೇಲೂ ಸಿಪ್ಪೆ, ಟೀಚರ್ ಒಂದು ಮಾತೂ ಬೈಲಿಲ್ಲ, ಗುಡಿಸೋಕೂ ಮಕ್ಕಳ ಕೈಗೇ ಚಿಕ್ಕ ಪೊರಕೆ ಕೊಟ್ರು. ಕೊಬ್ಬರಿ ಬೆಲ್ಲ ಆಯಮ್ಮ ಹೆಚ್ಚಿಟ್ಟಿದ್ರು, ಎಳ್ಳು ಹುರಿಗಡಲೆ ಎಲ್ಲಾ ಲೋಟದಲ್ಲಿ ಅಳೆದು ದೊಡ್ಡ ಬೋಸಿಗೆ ಹಾಕಿ ಸರದಿ ಪ್ರಕಾರ ಕಲಸಿದ್ರು, ಪೇಪರ್ ಪೊಟ್ಟಣಕ್ಕೆ ಮೂರು ಮೂರು ಸ್ಪೂನು.

ಅಲ್ಲೊಬ್ಬ ಹುಡುಗ ಇದಾನೆ, ಯಾದಗಿರಿ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದ ಕುಟುಂಬದವನು, ಸೇರಿದಾಗಿಂದ ಬಾಯೇ ಬಿಡ್ತಿರಲಿಲ್ಲ ಅಂತ ಟೀಚರ್ ಹೇಳ್ತಿದ್ರು. ಎಳ್ಳು ನೋಡಿದ್ದೇ "ನಮ್ಮವ್ವ ಇದನ್ನ ರೊಟ್ಟಿಗಿ ಹಚ್ತಾಳ" ಅಂದ. ಟೀಚರ್ ಅವನ ಮುಂದೆ ಕೂತು ಯಾವ ರೊಟ್ಟಿ, ಹೆಂಗೆ ಹಚ್ತಾಳೆ, ನೀನು ಎಷ್ಟು ತಿಂತೀಯ ಅಂತ ಒಂದೊಂದೇ ಕೇಳ್ತಾ ಹೋದ್ರು, ಅವನು ಹೇಳ್ತಾ ಹೋದ. ಮಾರನೇ ದಿನ ಅವರಮ್ಮ ಸೈಟಿಗೆ ಹೋಗೋ ಮುಂಚೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಟ್ಟೇಲಿ ಸುತ್ಕೊಂಡು ಬಂದು ಕೊಟ್ಟು ಹೋದ್ರು, ಎಲ್ಲಾ ಮಕ್ಕಳೂ ಮುರ್ಕೊಂಡು ತಿಂದ್ರು. ಬೆಂಗಳೂರಿನ ಒಂದೇ ರೂಮಲ್ಲಿ ತೆಲುಗು ಮಾತಾಡೋ ಮಗು, ತಮಿಳು ಮಗು, ಉರ್ದು ಮಾತಾಡೋ ಮಗು, ಕಲ್ಯಾಣ ಕರ್ನಾಟಕದ ಮಗು ಎಲ್ಲಾ ಒಂದೇ ಮೊರದ ಸುತ್ತ ಕೂತಿರ್ತಾವೆ, ಮನೇಲಿ ಬೇರೆ ಭಾಷೆ ಇರೋ ಮಕ್ಕಳು ಕೆಲವೇ ತಿಂಗಳಲ್ಲಿ ಕನ್ನಡ ಮಾತಾಡ್ತಾವೆ, ಯಾರೂ ಪಾಠ ಮಾಡಿ ಕಲಿಸಿದ್ದಲ್ಲ. ಕನ್ನಡ ಉಳೀಬೇಕು ಅಂತ ನವೆಂಬರಲ್ಲಿ ಭಾಷಣ ಮಾಡೋರು ಒಂದು ಸಲ ಬಂದು ಇದನ್ನ ನೋಡ್ಬೇಕು.

ಹುಟ್ಟುಹಬ್ಬಾನೂ ಅಲ್ಲಿ ಚೆನ್ನಾಗಿ ಮಾಡ್ತಾರೆ. ಮೊದಲು ಅನುಕೂಲ ಇರೋರು ಕೇಕು ತರೋರು, ಇಲ್ದೋರ ಮಗು ಸುಮ್ನೆ ನೋಡೋದು. ಈಗ ತಿಂಗಳಿಗೆ ಒಂದೇ ದಿನ, ಆ ತಿಂಗಳಲ್ಲಿ ಹುಟ್ಟಿದ ಎಲ್ಲಾ ಮಕ್ಕಳಿಗೂ ಸೇರಿಸಿ, ಅಲ್ಲೇ ಮಾಡಿದ ಪಾಯಸ, ಆರತಿ, ಹಾಡು. ಇದು ತಾಯಂದ್ರೇ ಕೂತು ಮಾತಾಡ್ಕೊಂಡು ಮಾಡಿದ್ದು, ಬೇರೆ ಕಡೆಯೂ ಮಾಡ್ಬಹುದು, ದುಡ್ಡೇನೂ ಬೇಕಾಗಿಲ್ಲ.

ಆದ್ರೆ ಹಬ್ಬ ಅಂದ್ರೆ ಸ್ಟೇಜು ಅಂದ್ಕೊಂಡಿರೋ ಕಡೆ ಏನಾಗುತ್ತೆ ಅನ್ನೋದನ್ನೂ ಬರೀಲೇಬೇಕು. ಬೇರೊಂದು ಬಡಾವಣೆಲಿ ಮಕ್ಕಳ ದಿನಾಚರಣೆಗೆ ಕರೆದಿದ್ರು ಅಂತ ಹೋಗಿದ್ದೆ. ಶಾಮಿಯಾನ, ಸೌಂಡ್ ಬಾಕ್ಸು, ಬಾಡಿಗೆಗೆ ತಂದ ಡ್ರೆಸ್ಸು. ಬರ್ಬೇಕಾಗಿದ್ದ ಅತಿಥಿ ಬರೋವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು, ಅಲ್ಲಿವರೆಗೂ ಮಕ್ಕಳಿಗೆ ಊಟ ಹಾಕಿಲ್ಲ, ಡ್ರೆಸ್ ಕೊಳೆ ಆಗುತ್ತೆ ಅಂತ. ಒಂದು ಮಗು ಚುಚ್ಚೋ ಜರಿ ಲಂಗ ಎಳೆದು ಎಳೆದು ಅತ್ತು ಅಲ್ಲೇ ನಿದ್ದೆ ಹೋಗಿತ್ತು, ಎಬ್ಬಿಸಿ ಸ್ಟೇಜಿಗೆ ಹತ್ತಿಸಿದ್ರು. ಮೈ ತುಂಬಾ ಕುಣಿಸೋ ಸಿನಿಮಾ ಹಾಡು, ನಾಲ್ಕು ವರ್ಷದ ಮಕ್ಕಳ ಕೈಲಿ! ನಂಗೆ ನೋಡೋಕಾಗ್ಲಿಲ್ಲ, ಎದ್ದು ಹೋಗಿ ಅಲ್ಲಿದ್ದೋರಿಗೆ ಮೊದಲು ಊಟ ಹಾಕಿ ಅಂತ ಜೋರಾಗೇ ಹೇಳ್ದೆ. ಟೀಚರ್ ಕಣ್ಣಲ್ಲೂ ನೀರಿತ್ತು, ಪಾಪ ಅವರ ಕೈಲೂ ಏನಿಲ್ಲ, ಮೇಲಿಂದ ಹೇಳ್ತಾರೆ, ಫೋಟೋ ಕಳಿಸಿ ಅಂತಾರೆ. ಮಕ್ಕಳ ಹಬ್ಬ ಆದ್ರೆ ಮಕ್ಕಳ ಊಟದ ಟೈಮು, ನಿದ್ದೆ ಟೈಮು ತಪ್ಪಬಾರದು, ಇದನ್ನ ಇಲಾಖೆಯವರು ಒಂದು ಸುತ್ತೋಲೆಲಿ ಬರೆದು ಕಳಿಸಿದ್ರೆ ಸಾಕು, ಯಾವ ಅತಿಥಿಗೂ ಅವಮಾನ ಆಗಲ್ಲ.

ಈಗ ಮಾಂಟೆಸ್ಸರಿ ಅನ್ನೋ ಬೋರ್ಡು ಬೆಂಗಳೂರಲ್ಲಿ ಗಲ್ಲಿಗೊಂದಿದೆ, ಬೋರ್ಡ್ ಇದ್ರೆ ಫೀಸೂ ಜಾಸ್ತಿ. ಮಾರಿಯಾ ಮಾಂಟೆಸ್ಸರಿ ಅನ್ನೋ ಡಾಕ್ಟರಮ್ಮ 1907ರಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆಗೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಅನ್ನೋ ಬಡವರ ಬಡಾವಣೇಲಿ, ಅಪ್ಪ ಅಮ್ಮ ಇಬ್ರೂ ಕೂಲಿಗೆ ಹೋದಾಗ ಮನೇಲಿ ಉಳಿಯೋ ಮಕ್ಕಳಿಗೆ. ನಮ್ಮ ಲಗ್ಗೆರೆ, ಸುಂಕದಕಟ್ಟೆ ಮಕ್ಕಳಂಥವರಿಗೇ ಅಂದ್ಕೊಳ್ಳಿ. ಅಲ್ಲೂ ಕೈ ತೊಳಿಯೋದು, ನೀರು ಬಗ್ಗಿಸೋದು, ಗುಂಡಿ ಹಾಕೋದು, ಗುಡಿಸೋದು, ಅಲ್ಲಿಂದಲೇ ಕಲಿಕೆ. ಅವರು 1939ರಲ್ಲಿ ಮದ್ರಾಸಿನ ಅಡಯಾರಿಗೂ ಬಂದು ಇಲ್ಲಿನ ಟೀಚರ್‌ಗಳಿಗೆ ತರಬೇತಿ ಕೊಟ್ಟಿದ್ರು. 2024ರಲ್ಲಿ ನಮ್ಮ ಸರ್ಕಾರಾನೂ ನಗರದ ಅಂಗನವಾಡಿಗಳಲ್ಲಿ ಗೌರ್ಮೆಂಟ್ ಮಾಂಟೆಸ್ಸರಿ ಅಂತ ಎಲ್‌ಕೆಜಿ ಯುಕೆಜಿ ಶುರು ಮಾಡ್ತು, ಅಂಗನವಾಡಿ ಕಾರ್ಯಕರ್ತೆಯರು ಹೋರಾಟ ಮಾಡಿ ನಮ್ಮ ಮಕ್ಕಳು ನಮ್ಮಲ್ಲೇ ಉಳೀಲಿ ಅಂತ ಕೇಳಿದ್ದಕ್ಕೆ ಬಂದ ಬದಲಾವಣೆ ಅದು, ನಂಗೆ ತುಂಬಾ ಸಂತೋಷ ಆಯ್ತು. ಒಂದೇ ಭಯ, ಯೂನಿಫಾರ್ಮು ಬ್ಯಾಗು ಬಂತು ಅಂತ ಹೋಮ್‌ವರ್ಕೂ ಹಿಂದೇನೇ ಬಂದುಬಿಟ್ರೆ? ತಾಯಂದ್ರು ಕೇಳ್ತಾರೆ ಅಂತ ಟೀಚರ್‌ಗಳು ಬರೆಸೋಕೆ ಶುರು ಮಾಡಿದ್ರೆ ಕಾನ್ವೆಂಟಿಗೂ ಇದಕ್ಕೂ ಏನ್ ವ್ಯತ್ಯಾಸ. ಆರು ವರ್ಷದೊಳಗೇ ಮೆದುಳಿನ ಬೆಳವಣಿಗೆ 85 ಪರ್ಸೆಂಟಿಗಿಂತ ಹೆಚ್ಚು ಆಗಿಬಿಡುತ್ತೆ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಲೇ ಬರೆದಿದಾರೆ, ಅದೇ ನೀತಿ ಈ ವಯಸ್ಸಿಗೆ ಆಟದ ಮೂಲಕವೇ ಕಲಿಸಿ ಅಂತಾನೂ ಹೇಳುತ್ತೆ. ನೀತಿ ಬಗ್ಗೆ ಯಾರಿಗೆ ಏನೇ ತಕರಾರಿರ್ಲಿ, ಈ ಮಾತು ಸರಿ ಇದೆ.

ತಾಯಂದ್ರು ಬಿಡಿಸೋಕೆ ಇನ್ನೊಂದು ಕಾರಣ ಇದೆ, ಅದನ್ನ ಮರೆತು ಬರೀ ಅವರಿಗೆ ಬುದ್ಧಿ ಹೇಳೋದು ನ್ಯಾಯ ಅಲ್ಲ. ಅಂಗನವಾಡಿ ನಾಲ್ಕು ಗಂಟೆಗೆ ಮುಚ್ಚುತ್ತೆ, ಗಾರ್ಮೆಂಟ್ಸ್ ಬಿಡೋದು ಐದೂವರೆ ಆರು ಗಂಟೆ. ಮನೇಲಿ ನನ್ನಂಥ ಅಜ್ಜಿ ಇದ್ರೆ ಸರಿ, ಇಲ್ದೋರು ಏನ್ ಮಾಡ್ಬೇಕು? ನಮ್ಮ ರೋಡಲ್ಲೇ ಒಬ್ಬ ಹುಡುಗಿ ತಮ್ಮನ್ನ ನೋಡ್ಕೊಳ್ಳೋಕೆ ಅಂತ ಮಧ್ಯಾಹ್ನವೇ ಶಾಲೆ ಬಿಟ್ಟು ಬರ್ತಾಳೆ. ಹೆಂಗಸರು ಹೆಚ್ಚಿರೋ ಫ್ಯಾಕ್ಟರಿಲಿ ಮಕ್ಕಳಿಗೆ ಶಿಶುವಿಹಾರ ಇರ್ಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆ ಕಾಲದಿಂದ ಇದೆ, ಆದ್ರೆ ಬೆಳಗ್ಗೆ ಆ ರಶ್ ಬಸ್ಸಲ್ಲಿ ಮಗು ಎತ್ಕೊಂಡು ಪೀಣ್ಯಕ್ಕೋ ಬೊಮ್ಮನಹಳ್ಳಿಗೋ ಹೋಗೋದು ಎಷ್ಟು ಜನರ ಕೈಲಾಗುತ್ತೆ ಹೇಳಿ, ಮಗು ಇರ್ಬೇಕಾಗಿದ್ದು ಮನೆ ಹತ್ರ. ಹಳ್ಳಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗೋ ತಾಯಂದ್ರಿಗೆ ಪಂಚಾಯಿತಿಯವರು ಮಕ್ಕಳನ್ನ ನೋಡ್ಕೊಳ್ಳೋ ಕೂಸಿನ ಮನೆ ತೆಗೆದಿದಾರೆ, ಒಳ್ಳೇ ಕೆಲಸ. ನಗರದ ಗಾರ್ಮೆಂಟ್ಸ್ ತಾಯಂದ್ರಿಗೂ ಅಂಥದ್ದೇ ಒಂದು ಬೇಕು, ಸಂಜೆ ಆರೂವರೆ ತನಕ. ಹಾಗಂತ ಇರೋ ಟೀಚರ್ ಮೇಲೇ ಅದನ್ನೂ ಹೇರಬೇಡಿ, ಅವರಿಗೆ ಈಗಾಗ್ಲೇ ಪೋಷಣ್ ಟ್ರ್ಯಾಕರ್ ಆ್ಯಪು, ಸರ್ವೆ, ವೋಟರ್ ಲಿಸ್ಟು, ಗರ್ಭಿಣಿಯರ ಲೆಕ್ಕ ಅಂತ ಮಕ್ಕಳ ಜೊತೆ ಕೂರೋಕೇ ಟೈಮಿಲ್ಲ, ಮಧ್ಯಾಹ್ನದ ಮೇಲೆ ಇನ್ನೊಬ್ಬರನ್ನ ನೇಮಿಸಿ, ಸಂಬಳ ಕೊಡಿ.

ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ಕ್ಕೆ, ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. 50 ವರ್ಷ ಆದ್ಮೇಲೂ ರಾಜಧಾನಿಲಿ ಎಷ್ಟೋ ಕೇಂದ್ರಗಳು ಬಾಡಿಗೆ ರೂಮಲ್ಲಿವೆ, ಓನರ್ ಖಾಲಿ ಮಾಡಿ ಅಂದ್ರೆ ಮಕ್ಕಳ ತೂಕದ ಯಂತ್ರ, ಪಾತ್ರೆ, ಗೊಂಬೆ ಎಲ್ಲಾ ಆಟೋಗೆ ಹೇರ್ಕೊಂಡು ಇನ್ನೊಂದು ರೋಡಿಗೆ ಹೋಗ್ಬೇಕು. ಈಗ ಪಾಲಿಕೆ ಒಂದಿದ್ದದ್ದು ಐದಾಗಿದೆ, ಐದರಲ್ಲಿ ಒಂದಾದ್ರೂ ಮುಂದೆ ಬಂದು ವಾರ್ಡಿನ ಪಾರ್ಕುಗಳ ಒಂದು ಮೂಲೆ, ಸಮುದಾಯ ಭವನದ ಕೆಳಗಿನ ಹಾಲು, ಇಂಥ ಜಾಗ ಅಂಗನವಾಡಿಗೆ ಕಾಯಂ ಆಗಿ ಬಿಟ್ಟುಕೊಡ್ಲಿ. ಮಣ್ಣಲ್ಲಿ ಆಡೋಕೆ ಸ್ವಲ್ಪ ಜಾಗ, ಮಕ್ಕಳ ಎತ್ತರಕ್ಕೆ ಒಂದು ನಲ್ಲಿ, ಚಿಕ್ಕ ಟಾಯ್ಲೆಟ್ಟು, ಇಷ್ಟು ಸಿಕ್ಕಿದ್ರೆ ಉಳಿದದ್ದನ್ನ ಆ ಟೀಚರ್‌ಗಳು ಆಯಮ್ಮಂದಿರು ನೋಡ್ಕೋತಾರೆ.

ತಾಯಂದ್ರಿಗೆ ಒಂದು ವಿನಂತಿ. ಅಡ್ಮಿಷನ್‌ಗೆ ದುಡ್ಡು ಕಟ್ಟೋ ಮುಂಚೆ ಒಂದು ಬೆಳಗ್ಗೆ ಡ್ಯೂಟಿಗೆ ರಜೆ ಹಾಕಿಯಾದ್ರೂ ನಿಮ್ಮ ಅಂಗನವಾಡಿ ಬಾಗಿಲಲ್ಲಿ ಕೂತು ನೋಡಿ, ಅಂಗನವಾಡಿ ನೋಡ್ಕೊಳ್ಳೋಕೆ ಅಂತ ಪೋಷಕರೂ ಇರೋ ಬಾಲವಿಕಾಸ ಸಮಿತಿ ಮೀಟಿಂಗಿಗೆ ಹೋಗಿ, ಏನಾದ್ರೂ ಸರಿ ಇಲ್ಲ ಅನ್ಸಿದ್ರೆ ಅಲ್ಲೇ ಕೇಳಿ, ಕೇಳೋ ಹಕ್ಕು ನಿಮಗಿದೆ. ಸಂಪಾದಕರೇ, ನಿಮ್ಮ ವರದಿಗಾರರನ್ನೂ ಒಂದು ದಿನ ಕಳಿಸಿ, ಫಂಕ್ಷನ್ ಇರೋ ದಿನ ಬೇಡ, ಮಾಮೂಲಿ ದಿನ ಬೆಳಗ್ಗೆ ಹತ್ತು ಗಂಟೆಗೆ ಬರ್ಲಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ, ಲಗ್ಗೆರೆ, ಬೆಂಗಳೂರು