ನಾನು ಕೊಡದ ಆರ್ಡರ್‌ನ ರೆಕಾರ್ಡಿಂಗ್ ಕೊಡಿ

ಇವರಿಗೆ,
ಮುಖ್ಯಸ್ಥರು, ಗ್ರಾಹಕರ ದೂರು ವಿಭಾಗ

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದೆ, ಎರಡು ಸಲ ಇಮೇಲ್ ಕಳಿಸಿದೆ. "ಚೆಕ್ ಮಾಡಿ ಹೇಳ್ತೀವಿ ಮೇಡಂ" ಬಿಟ್ಟರೆ ಬೇರೆ ಉತ್ತರವಿಲ್ಲ.

ಕಳೆದ ತಿಂಗಳು 12ರಂದು ನಿಮ್ಮ ಬ್ರೋಕರ್ ಕಂಪನಿಯಲ್ಲಿ ಗ್ರಾಹಕರ ಆರ್ಡರ್ ಹಾಕುವ ಡೀಲರ್ ನನ್ನನ್ನು ಒಂದು ಮಾತೂ ಕೇಳದೆ ನನ್ನ ಖಾತೆಯಲ್ಲಿ ಒಂದೇ ದಿನ 9 ಸಲ ಷೇರು ಕೊಂಡು ಮಾರಿದ್ದಾರೆ. ನಷ್ಟ 18,740 ರೂಪಾಯಿ, ನಿಮ್ಮ ಕಮಿಷನ್, ಅಂದರೆ ಬ್ರೋಕರೇಜ್, ಬೇರೆ 2,316. ಸಂಜೆ ಎಕ್ಸ್‌ಚೇಂಜ್‌ನಿಂದ ಎಸ್ಸೆಮ್ಮೆಸ್ ಬಂದಾಗಲೇ ನನಗೆ ಗೊತ್ತಾಗಿದ್ದು. ಆ ದಿನದ ವಹಿವಾಟಿನ ವಿವರವಿರುವ ಕಾಂಟ್ರಾಕ್ಟ್ ನೋಟ್‌ನಲ್ಲಿ ಮೊದಲ ಆರ್ಡರ್‌ನ ಸಮಯ 11:42. ಆ ಹೊತ್ತಿಗೆ ಅಮ್ಮನ ಕಣ್ಣಿನ ಆಪರೇಷನ್ ನಡೀತಿತ್ತು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಫೋನ್ ಆಫ್ ಮಾಡಿದ್ದೆ.

ಮರುದಿನ ಶಾಖೆಗೆ ಬಂದೆ. ಡೀಲರ್ ಕೂರಿ ಅಂತ ಕೂಡ ಹೇಳಲಿಲ್ಲ. ಎದುರಿನ ಕುರ್ಚಿ ಮೇಲೆ ಅವರ ಹೆಲ್ಮೆಟ್ ಇತ್ತು, ಅದನ್ನು ತೆಗೆಯಲೂ ಇಲ್ಲ. ಸ್ಕ್ರೀನ್ ನೋಡ್ತಾನೇ, "ಲಾಭ ಬಂದಿದ್ರೆ ಕೇಳೋಕೆ ಬರ್ತಿದ್ರಾ ಆಂಟಿ?" ಅಂದರು. ಪಕ್ಕದ ಟೇಬಲ್‌ನವರು ನಕ್ಕರು. ಟೀ ತಂದ ಹುಡುಗ ತಲೆ ತಗ್ಗಿಸಿ ನಿಂತ. ನನ್ನ ಕೈಲಿದ್ದ ಕಾಂಟ್ರಾಕ್ಟ್ ನೋಟ್ ನಡುಗ್ತಿತ್ತು. ಕಾಲ್ ರೆಕಾರ್ಡಿಂಗ್ ಕೇಳಿದೆ. "ಅದೆಲ್ಲ ಕೊಡೋಕೆ ಬರಲ್ಲ. ಡಿಡಿಪಿಐ ಒಪ್ಪಿಗೆ ಪತ್ರಕ್ಕೆ ಸೈನ್ ಮಾಡಿದ್ದೀರಲ್ಲ" ಅಂದರು. 28 ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳು ನಾನು. ಹೀಗೆ ಯಾರ ಮುಂದೆಯೂ ನಿಂತವಳಲ್ಲ.

ಡಿಡಿಪಿಐ ಇರುವುದು ನಾನು ಮಾರಿದ ಷೇರನ್ನು ಡಿಮ್ಯಾಟ್ ಖಾತೆಯಿಂದ ದಾಟಿಸಲು, ಟ್ರೇಡಿಂಗ್‌ಗೆ ಕೊಡಬೇಕಾದ ಭದ್ರತೆಗೆ, ಅಂದರೆ ಮಾರ್ಜಿನ್‌ಗೆ, ಷೇರು ಅಡ ಇಡಲು, ಇಂಥ ಕೆಲಸಕ್ಕೆ. ನನ್ನ ಪರವಾಗಿ ಆರ್ಡರ್ ಹಾಕಲು ಅಲ್ಲ. ಇದು ನಿಮಗೆ ಗೊತ್ತಿರಲೇಬೇಕು. ಗ್ರಾಹಕ ಆರ್ಡರ್ ಕೊಟ್ಟದ್ದಕ್ಕೆ ಸಾಕ್ಷಿ ಇಟ್ಟುಕೊಂಡೇ ಟ್ರೇಡ್ ಹಾಕಬೇಕು, ತಕರಾರು ಬಂದರೆ ಆ ಸಾಕ್ಷಿಯನ್ನು ಬ್ರೋಕರ್ ತೋರಿಸಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿ 2018ರಲ್ಲೇ ಹೇಳಿದೆ. ನನಗೆ ಲಾಭ ಬರಲಿ, ನಷ್ಟ ಬರಲಿ, ಪ್ರತಿ ಟ್ರೇಡ್‌ಗೂ ಬ್ರೋಕರೇಜ್ ನಿಮಗೆ ಬರುತ್ತೆ. ಹಾಗಿರುವಾಗ ಗ್ರಾಹಕರ ಖಾತೆ ಡೀಲರ್ ಕೈಗೆ ಸಿಕ್ಕರೆ ಏನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಬರುವ ಸೋಮವಾರದೊಳಗೆ ರೆಕಾರ್ಡಿಂಗ್ ಕೊಡಿ. ಇಲ್ಲದಿದ್ದರೆ 21,056 ರೂಪಾಯಿ ವಾಪಸ್ ಹಾಕಿ. ಎರಡೂ ಆಗದಿದ್ದರೆ ಮಂಗಳವಾರ ಬೆಳಿಗ್ಗೆ ಸೆಬಿಯ ಆನ್‌ಲೈನ್ ದೂರು ತಾಣ ಸ್ಕೋರ್ಸ್‌ನಲ್ಲಿ ದೂರು ಹಾಕುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ ಆನ್‌ಲೈನ್‌ನಲ್ಲೇ ತಕರಾರು ಬಗೆಹರಿಸುವ ಒಡಿಆರ್‌ಗೆ ಹೋಗುತ್ತೇನೆ. ನನ್ನ ಮಾತು ನಂಬಿ ನಮ್ಮ ಶಾಲೆಯ 6 ಟೀಚರ್‌ಗಳು ನಿಮ್ಮಲ್ಲಿ ಖಾತೆ ತೆರೆದಿದ್ದಾರೆ. ಅವರ ಫಾರ್ಮ್ ತುಂಬಿಸಿದವಳು ನಾನೇ. ಖಾತೆ ಮುಚ್ಚುವ ಫಾರ್ಮ್‌ಗಳನ್ನೂ ನಾನೇ ತುಂಬಿಸಿ, ಅದೇ ಡೀಲರ್ ಟೇಬಲ್ ಮೇಲೆ ತಂದಿಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ