ಗುದ್ದಲಿ ಪೂಜೆಗೆ ಮುಂಚೆ ಒಂದು ಚೀಲದ ಹಿಂದೆ ನಡೆದು ನೋಡಿ, ಶಾಸಕರೇ

ಶಾಸಕರಿಗೆ ನಮಸ್ಕಾರ.

ಹೋದ ವಾರ ನಮ್ಮ ತಾಲ್ಲೂಕಿನ ಮಾರುಕಟ್ಟೆ ಯಾರ್ಡಿನಲ್ಲಿ ನೀವು ಮಾತಾಡಿದ್ದು ಕೇಳಿದೆ. ಹೊಸ ಗೋದಾಮು, ಗೋವಿನಜೋಳ ಒಣಗಿಸಲು ಕಾಂಕ್ರೀಟ್ ಕಣ, ಕಾಳು ಸ್ವಚ್ಛ ಮಾಡುವ ಮಷಿನ್ ಶೆಡ್, ಗಾಡಿಯನ್ನೇ ತೂಗುವ ವೇಬ್ರಿಜ್, ಕ್ಯಾಂಟೀನ್, ಎಲ್ಲಾ ಒಂದೇ ಕಾಂಪೌಂಡಿನಲ್ಲಿ ಬರುತ್ತದೆ ಎಂದಿರಿ. ನಾನೂ ಚಪ್ಪಾಳೆ ಹೊಡೆದೆ. ಆಮೇಲೆ ಪೆಂಡಾಲಿನ ಕಂಬಕ್ಕೆ ಕಟ್ಟಿದ್ದ ನಕ್ಷೆಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬಂದು ಮೂರು ರಾತ್ರಿ ನೋಡಿದೆ. ಈ ಪತ್ರ ಅದರ ಬಗ್ಗೆ.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಹಾವೇರಿ ಜಿಲ್ಲೆಯವನೇ. ಆದರೆ 22 ವರ್ಷ ಬೆಂಗಳೂರಿನ ಪೀಣ್ಯದಲ್ಲಿ ಒಂದು ಮಷಿನ್ ಶಾಪಿನಲ್ಲಿ ಪ್ರೊಡಕ್ಷನ್ ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದು ಆರು ಎಕರೆಯಲ್ಲಿ ಗೋವಿನಜೋಳ ಬೆಳೆಯುತ್ತಿದ್ದೇನೆ. ಪೀಣ್ಯದಲ್ಲಿ ನಮ್ಮ ಹಳೇ ಮ್ಯಾನೇಜರ್ ಒಂದು ವಿದ್ಯೆ ಕಲಿಸಿದ್ದರು. ಶಾಪಿನ ನಕ್ಷೆಯನ್ನು ಥರ್ಮಾಕೋಲಿನ ಮೇಲೆ ಅಂಟಿಸಿ, ಮಷಿನ್ ಇದ್ದಲ್ಲೆಲ್ಲಾ ಗುಂಡುಪಿನ್ನು ಚುಚ್ಚಿ, ಒಂದು ಶಾಫ್ಟು ಯಾವ ಮಷಿನಿನಿಂದ ಯಾವುದಕ್ಕೆ ಹೋಗುತ್ತದೋ ಅದೇ ದಾರಿಯಲ್ಲಿ ಕೆಂಪು ದಾರ ಸುತ್ತುತ್ತಾ ಹೋಗುವುದು, ಕೊನೆಗೆ ದಾರ ಬಿಚ್ಚಿ ಅಳೆಯುವುದು. ನಮ್ಮ ಶಾಫ್ಟು ಲೇತಿನಿಂದ ಡ್ರಿಲ್ಲಿಂಗಿಗೆ, ಅಲ್ಲಿಂದ ಗೋಡೆಯಾಚೆ ಗ್ರೈಂಡಿಂಗಿಗೆ ಹೋಗಿ, ತಿರುಗಿ ಲೇತಿನ ಪಕ್ಕದ ಟೇಬಲ್ಲಿಗೇ ಬರುತ್ತಿತ್ತು. ದಾರದ ಗೋಜಲು ನೋಡಿ ನಾವೇ ನಕ್ಕೆವು. ಎರಡು ಭಾನುವಾರ ಕೆಲಸ ಮಾಡಿ ಮೂರು ಮಷಿನಿನ ಜಾಗ ಬದಲಿಸಿದೆವು. ಹೊಸ ಮಷಿನ್ ಒಂದೂ ತರಲಿಲ್ಲ, ಆದರೂ ಮಾಲು ಬೇಗ ಹೊರಗೆ ಬೀಳತೊಡಗಿತು.

ನಿಮ್ಮ ನಕ್ಷೆಗೂ ಹಾಗೇ ದಾರ ಸುತ್ತಿದೆ. ಗೇಟಿಗೆ ಅಂಟಿಕೊಂಡು ವೇಬ್ರಿಜ್. ಕಣ ಹಿಂದಿನ ಮೂಲೆಯಲ್ಲಿ. ಮಷಿನ್ ಶೆಡ್ ಮುಂದೆ, ಆಫೀಸಿನ ಹತ್ತಿರ. ಗೋದಾಮು ಮತ್ತೆ ಹಿಂದೆ, ಕಣದ ಎದುರು ಬದಿಗೆ. ಅಂದರೆ ಕಾಳು ಹಿಂದೆ ಹೋಗಿ ಒಣಗಬೇಕು, ಮುಂದೆ ಬಂದು ಸ್ವಚ್ಛ ಆಗಬೇಕು, ಮತ್ತೆ ಹಿಂದೆ ಹೋಗಿ ಕೂರಬೇಕು. ಅಷ್ಟೂ ಓಡಾಟ ಟ್ರ್ಯಾಕ್ಟರ್ ಬಂದು ಹೋಗುವ ರಸ್ತೆಗೆ ಅಡ್ಡಲಾಗಿ. ಯಾವ ಜಾಗ ಖಾಲಿ ಇದೆಯೋ ಅಲ್ಲಿ ಒಂದೊಂದು ಚೌಕ ಬರೆದಿದ್ದಾರೆ, ಅಷ್ಟೇ.

ನಕ್ಷೆ ನೋಡಿ ಸುಮ್ನೆ ಮಾತಾಡಬಾರದು ಅಂತ, ಈಗಿರುವ ಯಾರ್ಡಿನಲ್ಲೇ ಒಂದು ದಿನ ನನ್ನ ಗೋವಿನಜೋಳದ ಹಿಂದೆ ನಡೆದೆ. ಟ್ರೇಲರಿನಿಂದ ನೆಲಕ್ಕೆ ರಾಶಿ ಹಾಕಿದರು. ರಾಶಿಯಿಂದ ಚೀಲಕ್ಕೆ ತುಂಬಿದರು. ಚೀಲ ತಕ್ಕಡಿಗೆ ಹೋಯಿತು. ತಕ್ಕಡಿಯಿಂದ ನಿಟ್ಟಿಗೆ, ಅಂದರೆ ಒಂದರ ಮೇಲೊಂದು ಪೇರಿಸಿದ ಚೀಲಗಳ ಸಾಲಿಗೆ, ಸಂಜೆ ನಿಟ್ಟಿನಿಂದ ಲಾರಿಗೆ. ಐದು ಸಲ ಕೈ ಬದಲಾಯಿತು. ಅದರಲ್ಲಿ ಚೀಲವನ್ನು ಎತ್ತಿದ್ದೇ ಮೂರು ಸಲ. ನಮ್ಮ ಹಮಾಲರೊಬ್ಬರು ಅಂಗಿ ಸರಿಸಿ ಹೆಗಲು ತೋರಿಸಿದರು, ಚರ್ಮ ಎತ್ತಿನ ಹೆಗಲ ಹಾಗೆ ಕಪ್ಪಾಗಿ ದಡ್ಡುಗಟ್ಟಿದೆ. "ಗೋದಾಮು ಎಷ್ಟು ದೊಡ್ಡದಾದರೇನ್ರೀ, ಬಾಗಿಲು ಎಲ್ಲಿಡ್ತಾರಂತ ಕೇಳ್ರೀ" ಅಂದರು. ನಕ್ಷೆ ಬರೆದವರು ಅವರನ್ನು ಒಂದು ಮಾತು ಕೇಳಿದ್ದರೆ ನನಗೆ ಈ ಪತ್ರ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಈಗ ವೇಬ್ರಿಜ್. ಒಂದು ಗಾಡಿ ಅದರ ಮೇಲೆ ಎರಡು ಸಲ ಹತ್ತಬೇಕು, ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ. ನಾನು ನಿಂತು ಗಡಿಯಾರ ನೋಡಿದೆ, ಹತ್ತಿ, ಚೀಟಿ ತಗೊಂಡು ಇಳಿಯಲು ಸುಮಾರು 4 ನಿಮಿಷ. ಎರಡು ಸಲಕ್ಕೆ 8 ನಿಮಿಷ. ಎಂಟು ಗಂಟೆ ಬಿಡದೆ ನಡೆದರೂ 60 ಗಾಡಿ. ನವೆಂಬರ್, ಡಿಸೆಂಬರಿನಲ್ಲಿ ಅದಕ್ಕಿಂತ ಎಷ್ಟು ಜಾಸ್ತಿ ಬರುತ್ತವೆ ಅಂತ ನಿಮಗೇ ಗೊತ್ತು. ಟ್ರೇಲರ್ ಸೇರಿ ಒಂದು ಟ್ರ್ಯಾಕ್ಟರ್ 30 ಅಡಿ ಅಂದುಕೊಳ್ಳಿ, ಹತ್ತು ನಿಂತರೆ 300 ಅಡಿ ಸಾಲು. ವೇಬ್ರಿಜ್ ಗೇಟಿಗೇ ಅಂಟಿಕೊಂಡಿದ್ದರೆ ಆ ಸಾಲು ಎಲ್ಲಿ ನಿಲ್ಲಬೇಕು? ಹೆದ್ದಾರಿ ಮೇಲೆ. ಅದನ್ನು ಒಳಗೆ ತಳ್ಳಿ, ಮುಂದೆ ಸಾಲಿಗೆ ಜಾಗ ಬಿಡಿ. ಹೋಗುವ ಗೇಟು ಬೇರೆ ಇರಲಿ. ನಾಲ್ಕು ಚಕ್ರದ ಟ್ರೇಲರನ್ನು ರಿವರ್ಸ್ ಹಾಕುವುದು ಎಷ್ಟು ಕಷ್ಟ ಅಂತ ಟ್ರ್ಯಾಕ್ಟರ್ ಓಡಿಸಿದವರಿಗೇ ಗೊತ್ತು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ತನಗಿಷ್ಟ ಬಂದ ಕಡೆ ಹೋಗುತ್ತದೆ, ಹಿಂದೆ ನಿಂತವರು ಬಾಯಿಗೆ ಬಂದಂತೆ ಬೈಯುತ್ತಾರೆ. ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವ ಹಾಗಿದ್ದರೆ ರಿವರ್ಸಿನ ಮಾತೇ ಇಲ್ಲ.

ವೇಬ್ರಿಜ್ ಅಲ್ಲದೆ ಒಳಗೆ ಇನ್ನೊಂದು ತಕ್ಕಡಿಯೂ ಬೇಕು, ಅದಕ್ಕೆ ಕಾರಣ ಇದೆ. ನಾವು ತರುವ ಜೋಳದಲ್ಲಿ ತೇವ 20% ಇದ್ದರೆ, ಬೆಂಬಲ ಬೆಲೆಯ ಖರೀದಿಗೆ ಅದು 14%ಕ್ಕೆ ಇಳಿಯಬೇಕು. 100 ಕೆಜಿ ಜೋಳ 20%ನಿಂದ 14%ಕ್ಕೆ ಒಣಗಿದರೆ ಉಳಿಯುವುದು 93 ಕೆಜಿ. ಏಳು ಕೆಜಿ ನೀರು ಹಾರಿಹೋಯಿತು. ಗೇಟಿನಲ್ಲಿ ಮಾತ್ರ ತೂಕ ಆದರೆ ಆ ಏಳು ಕೆಜಿಗೆ ಪ್ರತಿ ದಿನ ಜಗಳ. ರೈತ ಕದ್ದರು ಅಂತಾನೆ, ದಲಾಲರು ಒಣಗಿತು ಅಂತಾರೆ. ಗೋವಿನಜೋಳಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ, ಹಾಗಾಗಿ ಏಳು ಕೆಜಿ ಅಂದರೆ 168 ರೂಪಾಯಿಯ ಮಾತು. ಕಣ ಮತ್ತು ಮಷಿನ್ ಮುಗಿದು ಗೋದಾಮಿಗೆ ಹೋಗುವ ದಾರಿಯಲ್ಲಿ ಎಲ್ಲರಿಗೂ ಕಾಣುವಂತೆ ಒಂದು ತಕ್ಕಡಿ, ಒಂದು ತೇವ ನೋಡುವ ಮೀಟರ್ ಇಟ್ಟುಬಿಡಿ. ಜಗಳ ಪೂರ್ತಿ ನಿಲ್ಲದಿದ್ದರೂ ಅರ್ಧಕ್ಕೆ ಇಳಿದೀತು.

ಕಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುಗ್ಗಿಯಲ್ಲಿ ನೀವು ಕಾರಿನಲ್ಲಿ ಹೋಗುವಾಗ ಸರ್ವಿಸ್ ರಸ್ತೆ ಮೇಲೆ ಜೋಳ ಹರವಿ, ಅಂಚಿಗೆ ಕಲ್ಲು ಜೋಡಿಸಿ, ತಾಡಪತ್ರಿ ಮಡಚಿಟ್ಟುಕೊಂಡು ಕೂತಿರುತ್ತಾರಲ್ಲ, ಆ ಕಲ್ಲಿಗೆ ರಾತ್ರಿ ಬೈಕಿನವರು ಬಡಿದು ಬೀಳುತ್ತಾರೆ. ಜೋಳ ಹರವುವ ಆ ರೈತರೆಲ್ಲಾ ಇಲ್ಲಿಗೆ ಬರಬೇಕಾದರೆ ಕಣ ಮಷಿನ್ ಶೆಡ್ಡಿನ ಮಗ್ಗುಲಲ್ಲೇ ಇರಬೇಕು. ಮಳೆ ಬಂದರೆ ಐದು ನಿಮಿಷದಲ್ಲಿ ಎಳೆದು ಸೂರಿನಡಿ ಹಾಕುವಂತಿರಬೇಕು. ನೀರು ಹರಿದು ಹೋಗಲು ಕಣಕ್ಕೆ ಇಳಿಜಾರು ಇರಲಿ. ಆ ಇಳಿಜಾರು ಗೋದಾಮಿನ ಕಡೆಗಂತೂ ಬೇಡ!

ಗೋದಾಮಿನ ವಿಷಯದಲ್ಲಿ ನನ್ನ ದೊಡ್ಡ ತಕರಾರು ಕ್ಯಾಂಟೀನಿನದು. ನಕ್ಷೆಯಲ್ಲಿ ಕ್ಯಾಂಟೀನೂ, ಹಮಾಲರು ಮಲಗುವ ಶೆಡ್ಡೂ ಗೋದಾಮಿನ ಗೋಡೆಗೆ ತಾಗಿಕೊಂಡಿವೆ. ಗೋಡೆ ಒಂದು ಉಳಿಯುತ್ತದೆ ಅಂತ ಮಾಡಿರಬೇಕು. ಆದರೆ ಗೋದಾಮಿನಲ್ಲಿ ಹುಳ ಬಿದ್ದಾಗ ಏನು ಮಾಡುತ್ತಾರೆ? ನಿಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಸಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುತ್ತಾರೆ. ಅದರಿಂದ ಬರುವ ಫಾಸ್ಫೀನ್ ಗಾಳಿ ಹುಳವನ್ನಷ್ಟೇ ಕೊಂದು ಸುಮ್ಮನಾಗುವುದಿಲ್ಲ. ಉಸಿರಾಡಿದರೆ ಮನುಷ್ಯನ ಜೀವವನ್ನೂ ತೆಗೆಯುತ್ತದೆ. ಗುಳಿಗೆ ಇಟ್ಟ ಗೋದಾಮಿನ ಪಕ್ಕದ ಗೋಡೆಗೆ ತಲೆ ಇಟ್ಟು ಮಧ್ಯಾಹ್ನ ಮಲಗುವವರು ಯಾರು, ಯೋಚನೆ ಮಾಡಿ. ಯಾವುದು ಯಾವುದರ ಹತ್ತಿರ ಇರಬೇಕು ಅನ್ನುವಷ್ಟೇ ಯಾವುದು ದೂರ ಇರಬೇಕು ಅನ್ನುವುದನ್ನೂ ಮೊದಲೇ ಬರೆದುಕೊಳ್ಳಬೇಕು. ಪೀಣ್ಯದಲ್ಲಿ ನಾವು ಪೇಂಟಿಂಗ್ ಬೂತನ್ನು ವೆಲ್ಡಿಂಗಿನಿಂದ ದೂರ ಇಡುತ್ತಿದ್ದುದೂ ಇದೇ ಲೆಕ್ಕದಲ್ಲಿ.

ಒಳಗಿನ ಜಾಗದ್ದೂ ಸ್ವಲ್ಪ ನೋಡಿ. ಇಷ್ಟು ಟನ್ ಹಿಡಿಯುತ್ತದೆ ಅಂತ ಬೋರ್ಡು ಹಾಕುವುದು ಸುಲಭ. ಆದರೆ ಗೋಡೆಗೂ ನಿಟ್ಟಿಗೂ ಮಧ್ಯೆ ಎರಡೂವರೆ ಅಡಿ ಬಿಡದಿದ್ದರೆ ಹುಳ ನೋಡಲು, ಔಷಧಿ ಹೊಡೆಯಲು ಮನುಷ್ಯ ಹೋಗುವುದು ಹೇಗೆ? ಮೊದಲು ಬಂದ ಚೀಲ ಮೂಲೆಯಲ್ಲೇ ಕೊಳೆಯುತ್ತದೆ, ನಿನ್ನೆ ಬಂದದ್ದು ಬಾಗಿಲ ಹತ್ತಿರ ಇದೆ ಅಂತ ಮೊದಲು ಹೋಗುತ್ತದೆ. ಎದುರು ಬದುರು ಎರಡು ಬಾಗಿಲು ಇಟ್ಟರೆ ಈ ತೊಂದರೆ ಎಷ್ಟೋ ಕಡಿಮೆ. ಗೋದಾಮಿನ ನೆಲ ಸುಮಾರು 80 ಸೆಂ.ಮೀ. ಎತ್ತರ ಇರಬೇಕು ಅನ್ನುವುದು ಸರ್ಕಾರಿ ಗೋದಾಮುಗಳ ಹಳೇ ಅಳತೆ. ನೀರೂ ಬರುವುದಿಲ್ಲ, ಲಾರಿಗೆ ಹೇರುವವರ ಸೊಂಟವೂ ಉಳಿಯುತ್ತದೆ. ಪಕ್ಕದ ಊರಿನಲ್ಲಿ ಒಂದು ಗೋದಾಮಿದೆ, ಹೆಸರು ಬೇಡ. ಕಟ್ಟಿ ಮುಗಿದ ಮೇಲೆ ನೋಡಿದರೆ ಬಾಗಿಲ ಎದುರಿಗೇ ಟ್ರಾನ್ಸ್‌ಫಾರ್ಮರ್ ಕಂಬ, ಲಾರಿ ಹತ್ತಿರ ಹೋಗುವುದೇ ಇಲ್ಲ. ಈಗ ಅದರಲ್ಲಿ ಮದುವೆ ಪೆಂಡಾಲಿನ ಕುರ್ಚಿ ಇಟ್ಟಿದ್ದಾರೆ.

ನಾನು ದುಡ್ಡು ಜಾಸ್ತಿ ಕೇಳುತ್ತಿಲ್ಲ. ಅದೇ ಗೋದಾಮು, ಅದೇ ಕಣ, ಅದೇ ಶೆಡ್ಡು. ಹೆಚ್ಚಿಗೆ ಒಂದು ಗೇಟು, ಒಂದು ಸಣ್ಣ ತಕ್ಕಡಿ, ಒಂದು ತೇವದ ಮೀಟರ್. ಉಳಿದದ್ದು ಜಾಗ ಬದಲಿಸುವುದು, ಅದೂ ಕಾಗದದ ಮೇಲೆ. ಕಾಂಕ್ರೀಟ್ ಹಾಕಿದ ಮೇಲೆ ನನ್ನಂಥವನು ಎಷ್ಟು ಪತ್ರ ಬರೆದರೂ ಪ್ರಯೋಜನ ಇಲ್ಲ.

ಗುದ್ದಲಿ ಪೂಜೆ ಮುಂದಿನ ತಿಂಗಳು ಅಂತ ಕೇಳಿದೆ. ಅದಕ್ಕೆ ಮುಂಚೆ ಒಂದು ಬೆಳಿಗ್ಗೆ, ಸಂತೆ ಇಲ್ಲದ ದಿನ ನೋಡಿ, ಇಂಜಿನಿಯರನ್ನು ಕರೆದುಕೊಂಡು ಬನ್ನಿ. ಹೊಸ ಜಾಗದಲ್ಲಿ ಗೋದಾಮು, ಕಣ, ಶೆಡ್ಡು, ವೇಬ್ರಿಜ್ ಎಲ್ಲದರ ಗೆರೆಯನ್ನು ನಿಜವಾದ ಅಳತೆಯಲ್ಲೇ ನೆಲದ ಮೇಲೆ ಸುಣ್ಣದಲ್ಲಿ ಎಳೆಯೋಣ. ಆಮೇಲೆ ತುಂಬಿದ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಆ ಗೆರೆಗಳ ಮಧ್ಯೆ ಓಡಿಸೋಣ. ಇಬ್ಬರು ಹಮಾಲರು ಚೀಲ ಹೊತ್ತು ನಡೆಯಲಿ. ಎಲ್ಲಿ ಗೆರೆ ತುಳಿಯುತ್ತಾರೋ ಅಲ್ಲಿ ಅಳಿಸಿ ಬೇರೆ ಎಳೆಯೋಣ. ಮಧ್ಯಾಹ್ನದೊಳಗೆ ಮುಗಿಯುತ್ತದೆ. ಟ್ರ್ಯಾಕ್ಟರ್ ನನ್ನದು, ಸುಣ್ಣದ ಚೀಲವೂ ನಾನೇ ತರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ರೈತ