ಐದು ನಿಮಿಷದ ಕುದಿ

ಚಿ. ಮೇಘನಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಹಾಟ್ ಲ್ಯಾಬಿನ, ಅಂದರೆ ಸ್ಕ್ಯಾನಿಗೆ ವಿಕಿರಣ ಸೂಸುವ ಔಷಧಿ ತಯಾರಿಸುವ ಕೋಣೆಯ ಕೆಲಸ ನಿನ್ನ ಪಾಲಿಗೆ ಬಂದಿದೆ ಎಂದು ನಿಮ್ಮಮ್ಮ ಹೇಳಿದಳು. ಸಲ್ಫರ್ ಕೊಲಾಯ್ಡ್, ಅಂದರೆ ವಿಕಿರಣ ಸೂಸುವ ಟೆಕ್ನೀಷಿಯಂ ಹೊತ್ತ ಗಂಧಕದ ಸೂಕ್ಷ್ಮ ಕಣಗಳ ದ್ರವ, ಮಾಡುವುದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಕೆಡಿಸುವುದೂ ಅಷ್ಟೇ ಸುಲಭ ಕಣಮ್ಮಾ.

ಇಲ್ಲಿ ಕಣದ ಗಾತ್ರವೇ ಔಷಧಿಯ ಗುಣ. ಒಂದು ಮೈಕ್ರಾನಿನೊಳಗಿನ ಗಂಧಕದ ಕಣ ರಕ್ತಕ್ಕೆ ಸೇರಿದರೆ ಲಿವರಿನ ಕುಫರ್ ಕೋಶಗಳು ಅದನ್ನು ನುಂಗುತ್ತವೆ. ಶೇ. 80ರಿಂದ 90ರಷ್ಟು ಅಲ್ಲಿಗೇ ಹೋಗುತ್ತದೆ, ಉಳಿದದ್ದು ಗುಲ್ಮಕ್ಕೆ, ಮೂಳೆಯ ಮಜ್ಜೆಗೆ. ಅದೇ ಕಣ ಹತ್ತು ಮೈಕ್ರಾನಿಗೆ ಗಂಟು ಕಟ್ಟಿತೋ, ಶ್ವಾಸಕೋಶದ ಲೋಮನಾಳಗಳಲ್ಲೇ ಸಿಕ್ಕಿಬೀಳುತ್ತದೆ.

ಕಿಟ್‌ನಿಂದ ಕಿಟ್‌ಗೆ ಸೀಸೆಗಳ ಹಂಚಿಕೆ ಬೇರೆ. ಅಳತೆಗೆ ಅದರೊಳಗಿನ ಚೀಟಿಯನ್ನೇ ನಂಬು. ಕ್ರಮ ಮಾತ್ರ ಬದಲಾಗಬಾರದು: ಗಂಧಕ ಕೊಡುವ ಥಯೋಸಲ್ಫೇಟ್, ಟೆಕ್ನೀಷಿಯಂ ಇರುವ ಪರ್ಟೆಕ್ನಿಟೇಟ್, ಆಮ್ಲ ಸೇರಿದ ಮೇಲೆ ಕುದಿ, ತಣಿದ ಮೇಲೆ ಬಫರ್. ಬಫರ್ ಮೊದಲೇ ಬಿದ್ದರೆ ಆಮ್ಲದ ಶಕ್ತಿ ಸತ್ತು ಗಂಧಕ ಹುಟ್ಟುವುದೇ ಇಲ್ಲ. ಚೀಟಿಯಲ್ಲಿ ಐದು ನಿಮಿಷ ಅಂದಿದ್ದರೆ, ವೈಲನ್ನು (ಔಷಧಿಯ ಸೀಸೆಯನ್ನು) ಕುದಿಯುವ ನೀರಿನೊಳಗೆ ಇಳಿಸಿದ ಮೇಲೆ ನೀರು ಮತ್ತೆ ಮರಳತೊಡಗಿದ ಕ್ಷಣದಿಂದ ಎಣಿಸು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಅರ್ಧ ನಿಮಿಷ ಮೊದಲೇ ತೆಗೆಯುವ ಅವಸರ ಬೇಡ. ಪಾತ್ರೆಯ ನೀರು ವೈಲಿನ ಒಳಗಿನ ದ್ರವಕ್ಕಿಂತ ಮೇಲಿರಲಿ. ಕಡಿಮೆ ಕುದಿದರೆ ಪರ್ಟೆಕ್ನಿಟೇಟ್ ಬಿಡಿಯಾಗಿ ಉಳಿದು, ಸ್ಕ್ಯಾನಿನಲ್ಲಿ ಥೈರಾಯ್ಡ್ ಮತ್ತು ಹೊಟ್ಟೆ ಹೊಳೆಯುತ್ತವೆ. ಹೆಚ್ಚು ಕುದಿದರೆ ಅಥವಾ ಬಫರ್ ಹಾಕಲು ತಡವಾದರೆ ಕಣ ದಪ್ಪವಾಗುತ್ತದೆ.

ಆಮೇಲೆ ಕಾಗದದ ಪಟ್ಟಿಯ ಪರೀಕ್ಷೆ. ಬುಡದಲ್ಲಿಟ್ಟ ಹನಿ ಮುಳುಗದಂತೆ ಸಲೈನಿನಲ್ಲಿ ನಿಲ್ಲಿಸಿದರೆ ಕೊಲಾಯ್ಡ್ ಇದ್ದಲ್ಲೇ ಕೂರುತ್ತದೆ, ಬಿಡಿ ಪರ್ಟೆಕ್ನಿಟೇಟ್ ಮೇಲೇರುತ್ತದೆ. ವಿಕಿರಣದ ಶೇ. 92 ಬುಡದಲ್ಲಿ ಇಲ್ಲದಿದ್ದರೆ ಆ ವೈಲನ್ನು ಬಳಸಬೇಡ. ಆದರೆ ಪಟ್ಟಿ ಗಾತ್ರ ಹೇಳುವುದಿಲ್ಲ. ಗಂಟು ಕಟ್ಟಿದ ಕಣವೂ ಬುಡದಲ್ಲೇ ಕೂತು ನೂರಕ್ಕೆ ನೂರು ಅಂಕ ತೆಗೆದುಕೊಳ್ಳುತ್ತದೆ! ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು.

ಗಂಟಿಗೆ ಮುಖ್ಯ ಕಾರಣ ಅಲ್ಯುಮಿನಿಯಂ. ಪರ್ಟೆಕ್ನಿಟೇಟ್ ಕೊಡುವ ಜನರೇಟರಿನ ಅಲ್ಯುಮಿನಾ ಕಾಲಮ್‌ನಿಂದ ಕಳಚಿ ಬಂದದ್ದು ಬಫರಿನ ಫಾಸ್ಫೇಟಿನೊಂದಿಗೆ ಕೂಡಿ ಮೊಸರಿನಂತೆ ಒಡೆಯುತ್ತದೆ. ಕಿಟ್‌ನಲ್ಲಿ ಇಡಿಟಿಎ ಇರುವುದು ಅದನ್ನು ಹಿಡಿದಿಡಲಿಕ್ಕೆ, ಅದಕ್ಕೂ ಮಿತಿಯಿದೆ. ಬೆಳಗ್ಗೆ ಎಲ್ಯೂಟ್ ಮಾಡಿದ್ದಕ್ಕೆ, ಅಂದರೆ ಜನರೇಟರಿನಿಂದ ಇಳಿಸಿಕೊಂಡ ದ್ರವಕ್ಕೆ, ಸೂಚಕ ಕಾಗದ ಮುಟ್ಟಿಸಿ ನೋಡು: ಅಲ್ಯುಮಿನಿಯಂ ಮಿ.ಲೀ.ಗೆ 10 ಮೈಕ್ರೋಗ್ರಾಂ ಮೀರಬಾರದು. ಸ್ಕ್ಯಾನಿನಲ್ಲಿ ಶ್ವಾಸಕೋಶ ಕಂಡರೆ ಅದೇ ವೈಲಿನಿಂದ ಕೊಟ್ಟ ಉಳಿದವರ ಚಿತ್ರ ತೆಗೆಸು. ಎಲ್ಲರಲ್ಲೂ ಹಾಗೇ ಇದ್ದರೆ ತಪ್ಪು ವೈಲಿನದು. ಒಬ್ಬರಲ್ಲೇ ಇದ್ದರೆ ಕಾಯಿಲೆಯದಿರಬಹುದು, ಡಾಕ್ಟರಿಗೆ ಬಿಡು. ಲಿವರ್ ಮಂಕಾಗಿ ಗುಲ್ಮ, ಮಜ್ಜೆ ಹೊಳೆದರೂ ಕಿಟ್ಟನ್ನು ದೂರಬೇಡ, ಸಿರೋಸಿಸ್‌ನಲ್ಲಿ ಹಾಗೇ ಕಾಣುತ್ತದೆ.

ಸೆಂಟಿನೆಲ್ ನೋಡ್, ಅಂದರೆ ಕ್ಯಾನ್ಸರ್ ಗಡ್ಡೆಯ ದುಗ್ಧರಸ ಮೊದಲು ತಲುಪುವ ಗ್ರಂಥಿ, ಹುಡುಕಲಾದರೆ 0.1 ಅಥವಾ 0.2 ಮೈಕ್ರಾನಿನ ಫಿಲ್ಟರ್ ಹಾಯಿಸಬೇಕು. ದಪ್ಪ ಕಣ ಚುಚ್ಚಿದಲ್ಲೇ ಉಳಿಯುತ್ತದೆ, ತೀರಾ ಸಣ್ಣದು ಮೊದಲ ಗ್ರಂಥಿಯನ್ನು ದಾಟಿ ಮುಂದಿನದಕ್ಕೆ ಹೋಗುತ್ತದೆ. ಡೋಸನ್ನು ಫಿಲ್ಟರಿನ ನಂತರವೇ ಅಳೆ, ಒಳ್ಳೆಯ ಪಾಲು ಅದರಲ್ಲೇ ಉಳಿದಿರುತ್ತದೆ. ಸಿರಿಂಜಿಗೆ ಎಳೆಯುವ ಮುನ್ನ ವೈಲ್ ಅಲುಗಿಸು, ಕಣ ತಳಕ್ಕಿಳಿಯುತ್ತದೆ.

ಇಷ್ಟು ಕಾಟ ಯಾಕೆ ಅನ್ನಿಸಿದರೆ ಥೊರೊಟ್ರಾಸ್ಟ್ ಬಗ್ಗೆ ಓದು. 1930ರ ದಶಕದಿಂದ ಎಕ್ಸ್‌ರೇಗೆ ಬಳಸಿದ, ವಿಕಿರಣ ಸೂಸುವ ಥೋರಿಯಂ ಡೈಆಕ್ಸೈಡ್ ಕೊಲಾಯ್ಡ್ ಅದು. ಚಿತ್ರ ಸೊಗಸಾಗಿತ್ತು. ಕುಫರ್ ಕೋಶಗಳು ನುಂಗಿದ್ದನ್ನು ಹೊರಹಾಕಲಿಲ್ಲ, ದಶಕಗಳ ಮೇಲೆ ಲಿವರಿನಲ್ಲಿ ಕ್ಯಾನ್ಸರ್ ಎದ್ದಿತು. ನಿನ್ನ ಟೆಕ್ನೀಷಿಯಂ ಆರು ಗಂಟೆಗೆ ಅರ್ಧವಾಗುತ್ತದೆ, ಪುಣ್ಯ.

ಹೊಟ್ಟೆ ಖಾಲಿಯಾಗುವ ಪರೀಕ್ಷೆಗೆ ಮೊಟ್ಟೆಯ ಬಿಳಿಗೆ ಕೊಲಾಯ್ಡ್ ಬೆರೆಸಿಯೇ ಬೇಯಿಸು. ಬೆಂದ ಮೇಲೆ ಚಿಮುಕಿಸಿದರೆ ಅದು ಕಳಚಿ ನೀರಿನೊಂದಿಗೆ ಬೇಗ ಇಳಿದುಹೋಗುತ್ತದೆ. ನಾಲ್ಕು ಗಂಟೆಗೆ ಶೇ. 10ಕ್ಕಿಂತ ಹೆಚ್ಚು ಉಳಿದರೆ ನಿಧಾನ ಅನ್ನುವ ಲೆಕ್ಕ ಮೊಟ್ಟೆ-ಬ್ರೆಡ್ಡಿನ ಊಟದ್ದು. ಮೊಟ್ಟೆ ಬೇಡವೆಂದವರಿಗೆ ಇಡ್ಲಿ ಕೊಟ್ಟು ಅದೇ ಅಂಕಿ ಹಚ್ಚಬೇಡ, ಇಡ್ಲಿಯ ಲೆಕ್ಕವೇ ಬೇರೆ ಮಾಡಿಸಬೇಕು.

ಇಂತಿ ನಿನ್ನ ಮಾವ